ಭಾನುವಾರದ ಬೂಟು

ಗ್ರಿಜೆಲ್ ಪರ್ವಿಸ್ ಎಪ್ಪತ್ತಾರು ವರ್ಷ ಬದುಕಿದಳು. ಅಷ್ಟು ವರ್ಷಗಳಲ್ಲಿ ಅವಳು ನಿಜವಾಗಿ ದಣಿದು ಕೂತದ್ದನ್ನು ಕಂಡವನು ಒಬ್ಬನೇ ಒಬ್ಬ, ಅದೂ ಒಂದೇ ಒಂದು ಬೆಳಿಗ್ಗೆ. ಗ್ರಹಚಾರಕ್ಕೆ ಅವನ ಕೈಯಲ್ಲಿ ಕುಂಚ ಇತ್ತು.

ಆ ಚಿತ್ರ ಆಮೇಲೆ ದೊಡ್ಡ ಊರಿನ ಚಿತ್ರಶಾಲೆಯ ಗೋಡೆ ಸೇರಿತು. ಟರ್ನಿಪ್ ಗಡ್ಡೆಗಳ ರಾಶಿಯ ಮೇಲೆ ಹದಿನಾಲ್ಕರ ಹುಡುಗಿ. ಒಂದು ಕಾಲಿನ ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಾಳೆ. ಅಟ್ಟೆಯಲ್ಲಿ ತೂತು, ಕಣ್ಣು ಅರ್ಧ ಮುಚ್ಚಿದೆ, ಹಿಂದೆ ಬೂದಿ ಬಣ್ಣದ ಆಕಾಶ. ಮುದುಕಿಯಾದ ಮೇಲೆ ಒಮ್ಮೆ ಗ್ರಿಜೆಲ್ ಅದನ್ನು ನೋಡಲು ಹೋಗಿದ್ದಳು. ಪಕ್ಕದಲ್ಲಿ ಗರಿ ಟೋಪಿಯ ಹೆಂಗಸೊಬ್ಬಳು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ, "ಪಾಪ, ಆ ಮಗೂನ ಎಷ್ಟು ದುಡಿಸಿದಾರೋ ಕಟುಕರು" ಅಂದಳು. ಗ್ರಿಜೆಲ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಾವಲಿನವನು ಬಂದು, ಇಲ್ಲಿ ಹಾಗೆಲ್ಲ ನಗಬಾರದು ಎಂದು ಅವಳನ್ನು ಬಾಗಿಲ ತನಕ ಬಿಟ್ಟುಬಂದ.

ಅವಳ ನಗುವಿಗೆ ಕಾರಣ ಇತ್ತು. ಅದನ್ನೇ ಹೇಳುತ್ತಿದ್ದೇನೆ.

ಗ್ರಿಜೆಲಳ ಅಪ್ಪ ವಾಟ್ ಪರ್ವಿಸ್, ಬೆರಿಕ್‌ಷೈರ್ ಸೀಮೆಯ ವಿನ್‌ರಿಗ್ ಜಮೀನಿನಲ್ಲಿ ಕುದುರೆ ಕಟ್ಟಿ ಉಳುವ ಆಳು. ನಮ್ಮ ಕಡೆ ಜಮೀನಿನ ಹೆಸರೇ ಯಜಮಾನನ ಹೆಸರು. ಹಾಗಾಗಿ ಅಲ್ಲಿಯ ಯಜಮಾನನೂ ವಿನ್‌ರಿಗ್ಗೇ. ಪಕ್ಕದ ಜಮೀನು ಬ್ಲ್ಯಾಕ್‌ಹಿಲ್, ಅದರ ಯಜಮಾನ ಬ್ಲ್ಯಾಕ್‌ಹಿಲ್. ಇವರಿಬ್ಬರದು ಹಾವು ಮುಂಗುಸಿಯ ಸ್ನೇಹ. ಒಬ್ಬನ ಹೋರಿಗೆ ಬಹುಮಾನ ಬಂದರೆ ಇನ್ನೊಬ್ಬನಿಗೆ ಮೂರು ದಿನ ಊಟ ಸೇರುತ್ತಿರಲಿಲ್ಲ.

ಅವ್ವ ಮಿರೆನ್ ಬಲು ಬಿಗಿ ಹೆಂಗಸು. ದೂರದಲ್ಲಿ ಪಿಟೀಲಿನ ಸದ್ದು ಕೇಳಿದರೆ ಕಿಟಕಿ ಮುಚ್ಚುವವಳು. ಅವಳ ಜೀವನದ ಏಕೈಕ ಷೋಕಿ ಎಂದರೆ ಭಾನುವಾರ ಚರ್ಚಿಗೆ ಹಾಕುವ ಬೂಟು. ಹೊಲದ ಬೂಟಿನ ಹಾಗೆ ಮೊಳೆ ಹೊಡೆಯದ ತೆಳು ಅಟ್ಟೆ, ಪಕ್ಕದಲ್ಲಿ ಸಾಲಾಗಿ ಏಳು ಕರಿ ಗುಂಡಿ. ವಾರವಿಡೀ ಅದು ಪೆಟ್ಟಿಗೆಯಲ್ಲಿ ಬೈಬಲ್ಲಿನ ಪಕ್ಕದಲ್ಲಿ ಮಲಗಿರುತ್ತಿತ್ತು. ಮನೆಯಲ್ಲಿ ಬೈಬಲ್ಲನ್ನಾದರೂ ಯಾರು ಬೇಕಾದರೂ ಮುಟ್ಟಬಹುದಿತ್ತು.

ಆ ವರ್ಷ ಕೊಯ್ಲು ಮುಗಿದು ಬ್ಲ್ಯಾಕ್‌ಹಿಲ್ಲಿನ ಕಣಜದಲ್ಲಿ ಸುಗ್ಗಿ ಕುಣಿತ ಇಟ್ಟುಕೊಂಡರು. ವಿನ್‌ರಿಗ್ ಮನೆಯ ಅಡುಗೆ ಹುಡುಗಿ ಟಿಬ್ಬಿ, ಗ್ರಿಜೆಲಳ ಜೀವದ ಗೆಳತಿ, ಬೇಲಿಯ ಹತ್ತಿರ ಬಂದು ಕಿವಿಯಲ್ಲಿ ಊದಿದಳು.

"ಬರ್ತೀಯೇನೆ? ನಿಮ್ಮವ್ವ ಮಲಗಿದ್ಮೇಲೆ ಕಿಟಕಿ ಹಾರಿ ಬಾ."

"ಏನ್ ಹಾಕ್ಕೊಂಡು ಕುಣೀಲೇ? ನಂದು ಮೊಳೆ ಬೂಟು. ಪಕ್ಕದೋರ ಕಾಲು ಚಟ್ನಿ ಆಯ್ತದೆ."

"ನಿಮ್ಮವ್ವನ್ ಬೂಟು ಐತಲ್ಲ. ಒಂದ್ ರಾತ್ರಿ ಹಾಕ್ಕೊಂಡ್ರೆ ಸವೆದು ಹೋಯ್ತದಾ?"

ಸವೆದು ಹೋಯಿತು. ಗ್ರಿಜೆಲ್ ಅವತ್ತು ಹದಿನೇಳು ಕುಣಿತ ಕುಣಿದಳು. ಯಾರು ಕೈ ಚಾಚಿದರೂ ಇಲ್ಲ ಎನ್ನಲಿಲ್ಲ, ಯಾರೂ ಚಾಚದಿದ್ದಾಗ ಟಿಬ್ಬಿಯನ್ನೇ ಎಳೆದುಕೊಂಡು ಕುಣಿದಳು. ಬೆಳಕು ಹರಿಯುವಾಗ ಮನೆ ಹಿಂದೆ ಬಂದು ನೋಡಿದರೆ ಅವ್ವ ಆಗಲೇ ಎದ್ದು ಒಲೆ ಹಚ್ಚುತ್ತಿದ್ದಾಳೆ. ಒಳಗೆ ಹೋಗುವಂತಿಲ್ಲ, ಮೊಳೆ ಬೂಟು ಮಂಚದ ಕೆಳಗೆ. ಹುಡುಗಿ ಬೇರೆ ದಾರಿ ಕಾಣದೆ ನೆಟ್ಟಗೆ ತಾನು ದಿನಾ ದುಡಿಯುವ ಟರ್ನಿಪ್ ಹೊಲಕ್ಕೆ ಹೋಗಿ, ಮಿಕ್ಕವರು ಬರುವ ಮುಂಚೆ ಒಂದು ಗಳಿಗೆ ಎಂದು ರಾಶಿಯ ಮೇಲೆ ಕೂತಳು. ಅಂಗಾಲು ಉರಿಯುತ್ತಿತ್ತು. ಒಂದು ಬೂಟು ಬಿಚ್ಚಿ ನೋಡಿದಳು. ಅಟ್ಟೆಯ ತೂತಿನಿಂದ ಆಕಾಶ ಕಂಡಿತು.

ಆಗ ಡಲ್‌ಗ್ಲೀಶ್ ಬಂದ. ಬೇಸಗೆಯಿಂದ ಊರಲ್ಲಿ ಬಿಡಾರ ಮಾಡಿದ್ದ ಚಿತ್ರಕಾರ. ಬಡವರ ಬದುಕನ್ನು ಇದ್ದದ್ದು ಇದ್ದಹಾಗೆ ಬರೆಯಬೇಕು ಎಂಬುದು ಅವನ ವ್ರತ. ಹೊಲಗಳಲ್ಲಿ ಅಡ್ಡಾಡಲು ವಿನ್‌ರಿಗ್ ಅಪ್ಪಣೆ ಕೊಟ್ಟಿದ್ದ, ತನ್ನ ಬಹುಮಾನದ ಹೋರಿಯನ್ನು ಬರೆಯುತ್ತಾನೆ ಎಂಬ ಆಸೆಯಿಂದ. ಡಲ್‌ಗ್ಲೀಶ್ ಹೋರಿಯನ್ನು ಎರಡು ಸಲ ನೋಡಿ, "ಬಹಳ ಸುಖವಾಗಿದೆ" ಎಂದು ಹೇಳಿ ಹೋಗಿಬಿಟ್ಟಿದ್ದ. ಆ ಮಾತು ವಿನ್‌ರಿಗ್‌ಗೆ ಇನ್ನೂ ಜೀರ್ಣವಾಗಿರಲಿಲ್ಲ.

ಈಗ ರಾಶಿಯ ಮೇಲಿನ ಹುಡುಗಿಯನ್ನು ಕಂಡು ಡಲ್‌ಗ್ಲೀಶ್ ನಿಂತಲ್ಲೇ ಪುಸ್ತಕ ತೆರೆದ. "ಅಲುಗಬೇಡ ಮಗು. ಹಾಗೇ ಇರು."

"ಅಲುಗೋಕೆ ಶಕ್ತಿ ಎಲ್ಲೈತೆ ಸ್ವಾಮಿ" ಅಂದಳು ಗ್ರಿಜೆಲ್. ಅವನು ಅದನ್ನೂ ಬರೆದುಕೊಂಡ.

ಒಂದು ಗಂಟೆಯಲ್ಲಿ ಅವನ ಪುಸ್ತಕದಲ್ಲಿ ಅವಳ ಮುಖ ಮೂಡಿತು. ಆದರೆ ಮಾರನೆಯ ದಿನದಿಂದ ಅವನ ಗೋಳು ಶುರುವಾಯಿತು. ಹುಡುಗಿ ಕಣ್ತುಂಬ ನಿದ್ದೆ ಮಾಡಿ, ಓಟ್ಸ್ ಗಂಜಿ ಕುಡಿದು, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು ಕೂತಳು. ಮೂಗಿನ ಮೇಲೆ ನೊಣ ಕೂತರೂ ನಗು, ಡಲ್‌ಗ್ಲೀಶ್ ಸೀನಿದರೂ ನಗು.

"ದಣಿ ಮಗು, ಸ್ವಲ್ಪ ದಣಿ" ಎಂದು ಅವನು ಬೇಡಿಕೊಂಡ.

"ಬರ್ತಾ ಇಲ್ಲ ಸ್ವಾಮಿ. ಏನ್ ಮಾಡ್ಲಿ?"

ಗುಡ್ಡ ಹತ್ತಿ ಇಳಿದು ಬಾ ಎಂದು ಓಡಿಸಿದ. ಮೂರು ಸಲ ಹತ್ತಿ ಇಳಿದು ಇನ್ನಷ್ಟು ಕೆಂಪಾಗಿ ಬಂದಳು. ಕೊನೆಗೆ ಅವನು ಮೊದಲ ದಿನದ ರೇಖೆಯನ್ನೇ ನಂಬಿಕೊಂಡು, "ಹೋಗಲಿ, ಆ ಬೂಟಾದರೂ ತಾ" ಅಂದ.

ಬೂಟು ಎಲ್ಲಿತ್ತು ಎಂದರೆ, ಅದು ಬೇರೆ ಕಥೆ. ಕುಣಿದ ಮಾರನೆಯ ಮಧ್ಯಾಹ್ನ ಗ್ರಿಜೆಲ್ ತೂತಿಗೆ ಚಿಂದಿ ತುರುಕಿ, ಕಿತ್ತುಬಂದ ಅಟ್ಟೆಯನ್ನು ಆರಿದ ಓಟ್ಸ್ ಗಂಜಿಯಲ್ಲಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಗಂಜಿ ಒಣಗಿದರೆ ಗಾರೆಯಷ್ಟು ಗಟ್ಟಿ ಎಂಬುದು ನಿಜ. ಭಾನುವಾರ ಬೆಳಿಗ್ಗೆ ಮಳೆ ಬಂದದ್ದೂ ನಿಜ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿದ್ದ ಹೊತ್ತಿಗೆ ಸರಿಯಾಗಿ ಮಿರೆನ್ ನಡುದಾರಿಯಲ್ಲಿ ನಡೆದು ಬಂದಳು. ಟಪ್, ಟಪ್, ಟಪ್. ಒಂದೊಂದು ಟಪ್ಪಿಗೂ ಒಂದೊಂದು ಸಾಲು ಕಣ್ಣು ಬಿಟ್ಟಿತು.

ಸೋಮವಾರ ಬೆಳಗಾಗುತ್ತಲೇ ಮಿರೆನ್ ಬೂಟು ಹೊಲಿಯುವ ಸ್ಯಾಂಡರ್ಸ್‌ನ ಅಂಗಡಿ ಮುಂದೆ ನಿಂತಿದ್ದಳು. ಬೇಸಗೆಯಲ್ಲಷ್ಟೇ ಅವನು ಆ ಅಟ್ಟೆ ಹಾಕಿಕೊಟ್ಟಿದ್ದ. ಬೀದಿಯವರೆಲ್ಲ ಬಾಗಿಲಿಗೆ ಬಂದರು.

"ಚರ್ಮ ಹಾಕ್ತೀಯೋ ಕಾಗದ ಹಾಕ್ತೀಯೋ? ದೇವರ ಮನೇಲಿ ನನ್ನ ಮಾನ ಕಳೆದೆಯಲ್ಲೋ ಕಳ್ಳಾ!"

ಸ್ಯಾಂಡರ್ಸ್ ಐವತ್ತರ ಒಂಟಿ ಗಂಡಸು, ಮಾತು ಕಡಿಮೆ. ಬೂಟನ್ನು ತಿರುಗಿಸಿ ನೋಡಿದ. ಅಟ್ಟೆಯ ನಡುವಿನಿಂದ ಒಂದು ಚೂರು ಗಂಜಿ ಕಿತ್ತು, ಬೆರಳಲ್ಲಿ ಉಜ್ಜಿ ನೋಡಿದ. ಅವ್ವನ ಹಿಂದೆ ನಿಂತಿದ್ದ ಗ್ರಿಜೆಲ್ ಕಣ್ಣು ಮುಚ್ಚಿಕೊಂಡಳು.

"ತಪ್ಪಾಯ್ತು ಮಿರೆನ್. ಚರ್ಮ ಕೆಟ್ಟದಿತ್ತು ಅಂತ ಕಾಣ್ತದೆ. ಬಿಟ್ಟು ಹೋಗು, ಬಿಟ್ಟಿ ಹಾಕ್ಕೊಡ್ತೀನಿ" ಅಂದ ಸ್ಯಾಂಡರ್ಸ್.

ಅಲ್ಲಿಗೇ ಡಲ್‌ಗ್ಲೀಶ್ ಹೋದ. ತೂತು ಮುಚ್ಚಬೇಡಿ, ಬರೆದು ಮುಗಿಸುವ ತನಕ ಎಂದು ಕೇಳಿಕೊಂಡ. ಎರಡು ವಾರ ಆ ಬೂಟು ರಾಣಿಯ ಹಾಗೆ ಕುರ್ಚಿಯ ಮೇಲೆ ಕೂತು ಬರೆಸಿಕೊಂಡಿತು. ಇದೊಂದೂ ತಿಳಿಯದ ಮಿರೆನ್ ಎರಡು ಭಾನುವಾರ ಮೊಳೆ ಬೂಟಿನಲ್ಲಿ ಚರ್ಚಿಗೆ ಹೋಗಿ, ವಾಪಸ್ ಬರುವಾಗ ಎರಡು ಸಲವೂ ಸ್ಯಾಂಡರ್ಸ್‌ನ ಬಾಗಿಲ ಮುಂದೆ ನಿಂತು ಉಳಿದದ್ದನ್ನು ಬೈದು ಮುಗಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಎಮ್ಮೆಯಷ್ಟೇ ಸಮಾಧಾನವಾಗಿ ಸಹಿಸಿದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಫೆಬ್ರವರಿಯಲ್ಲಿ ಎಡಿನ್‌ಬರೋದಲ್ಲಿ ಚಿತ್ರ ಪ್ರದರ್ಶನಕ್ಕೆ ಬಂತು. ಡಲ್‌ಗ್ಲೀಶ್ ಅದಕ್ಕೆ ಇಟ್ಟ ಹೆಸರು "ದಣಿವು: ವಿನ್‌ರಿಗ್‌ನಲ್ಲಿ ಒಂದು ಬೆಳಿಗ್ಗೆ". ಪುಣ್ಯಾತ್ಮ ಸುಳ್ಳು ಹೇಳುವವನಲ್ಲ, ಜಾಗದ ಹೆಸರನ್ನೂ ಬರೆದಿದ್ದ. ಆ ವಾರ ಧಾನ್ಯದ ಪೇಟೆಗೆ ಹೋದ ವಿನ್‌ರಿಗ್‌ನನ್ನು ಬ್ಲ್ಯಾಕ್‌ಹಿಲ್ ಹತ್ತು ಜನರ ಮುಂದೆ ನಿಲ್ಲಿಸಿ ಕೇಳಿದನಂತೆ: "ಅಲ್ಲಯ್ಯಾ, ನಿನ್ನ ಹೋರಿಗೆ ತಿನ್ಸೋದ್ರಲ್ಲಿ ಅರ್ಧ ಆ ಮಗೂಗೆ ತಿನ್ಸಿದ್ರೆ ಆಯ್ತಿರ್ಲಿಲ್ವಾ?" ವಿನ್‌ರಿಗ್ ಚಿತ್ರ ನೋಡಲು ಹೋದ, ತನ್ನ ಜಮೀನಿನ ಹೆಸರು ಓದಿದ, ಗ್ರಿಜೆಲಳ ಮುಖ ನೋಡಿದ, ಕೆಂಡಾಮಂಡಲವಾಗಿ ಹೊರಗೆ ಬಂದ.

ಫೆಬ್ರವರಿ ನಮ್ಮ ಕಡೆ ಆಳುಗಳು ಉಸಿರು ಬಿಗಿಹಿಡಿಯುವ ತಿಂಗಳು. ಮಾರ್ಚಿನ ಮೊದಲ ಸೋಮವಾರ ಆಳುಗಳ ಸಂತೆ. ಅದಕ್ಕೆ ಮುಂಚೆ ಯಜಮಾನ ಬಂದು "ನಿಲ್ತೀಯಾ?" ಎಂದು ಒಂದು ಮಾತು ಕೇಳಿದರೆ ಇನ್ನೊಂದು ವರ್ಷ ಮನೆ, ಕೆಲಸ, ಹಸು ಎಲ್ಲ ಉಳಿಯಿತು. ಕೇಳದಿದ್ದರೆ ಸಂತೆಗೆ ಹೋಗಿ ಬೇರೆ ಯಜಮಾನನನ್ನು ಹುಡುಕಿಕೊಂಡು, ಮೇ ತಿಂಗಳಲ್ಲಿ ಗಾಡಿಗೆ ಗಂಟುಮೂಟೆ ಹೇರಬೇಕು. ಯಾಕೆ ಕೇಳಲಿಲ್ಲ ಎಂದು ಆಳು ವಿಚಾರಿಸುವಂತಿಲ್ಲ. ವಿಚಾರಿಸಿದರೆ ಮಾನ ಹೋಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿ ನಮ್ಮದು.

ಆಳುಗಳ ಸಾಲಿನ ಆರು ಮನೆಗಳಲ್ಲಿ ಐದಕ್ಕೆ ಮಾತು ಬಂತು. ವಾಟ್‌ನ ಬಾಗಿಲು ದಾಟುವಾಗ ವಿನ್‌ರಿಗ್ ಆಕಾಶ ನೋಡಿಕೊಂಡು ಹೋದ. ಹನ್ನೊಂದು ವರ್ಷದಲ್ಲಿ ಹೀಗಾಗಿರಲಿಲ್ಲ. ಕಾರಣ ತಂದವಳು ಟಿಬ್ಬಿ, ಯಜಮಾನನಿಗೆ ಊಟ ಬಡಿಸುವಾಗ ಕೇಳಿಸಿಕೊಂಡು.

"ನೀನು ಚಿತ್ರದೋನ ಹತ್ರ ಗೋಳು ಹೇಳ್ಕೊಂಡೆ ಅಂತ ತಿಳ್ಕೊಂಡವ್ರೆ ಕಣೆ. 'ನನ್ನ ಅನ್ನ ತಿಂದು ನನ್ನ ಮುಖಕ್ಕೇ ಮಸಿ ಬಳಿದ್ರು' ಅಂದ್ರು."

"ನಾನು ದಣಿದಿದ್ದು ಇವರ ಕೆಲಸದಿಂದ ಅಲ್ವಲ್ಲೇ!"

"ಹಂಗಂತ ಹೋಗಿ ಹೇಳು ಮತ್ತೆ. ಹೇಳಿದ್ಮೇಲೆ ನಿಮ್ಮವ್ವ ನಿನ್ನ ಚರ್ಮದಲ್ಲೇ ಅಟ್ಟೆ ಹಾಕ್ಸ್ತಾಳೆ."

ಅದೇ ವಾರ ಡಲ್‌ಗ್ಲೀಶ್ ಉಪಕಾರ ಸ್ಮರಣೆಗೆಂದು ಚಿತ್ರದ ಒಂದು ಫೋಟೋ ಅಂಚೆಯಲ್ಲಿ ಕಳಿಸಿದ. ಮಿರೆನ್ ಮಗಳ ಮುಖ ನೋಡಿ ಮೂಗು ಒರೆಸಿಕೊಂಡು, ಅದನ್ನು ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಗ್ರಿಜೆಲ್ ನೋಡಿದಳು. ಏಳು ಗುಂಡಿಯೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ! ಮೆಲ್ಲನೆ ಪಿಂಗಾಣಿ ನಾಯಿಯನ್ನು ಫೋಟೋದ ಮುಂದೆ, ಸರಿಯಾಗಿ ಬೂಟಿಗೆ ಅಡ್ಡವಾಗಿ ಸರಿಸಿದಳು. ಸಂಜೆಗೆ ಅವ್ವ ದೂಳು ಒರೆಸಿ ನಾಯಿಯನ್ನು ಮೂಲೆಗೆ ಇಟ್ಟಳು. ಬೆಳಿಗ್ಗೆ ನಾಯಿ ಮತ್ತೆ ಫೋಟೋದ ಮುಂದೆ.

"ಈ ನಾಯಿಗೇನು ಜೀವ ಬಂದೈತಾ?" ಅಂದಳು ಮಿರೆನ್.

ಗ್ರಿಜೆಲ್ ಗಂಜಿ ಕುಡಿಯುವುದರಲ್ಲಿ ಮಗ್ನಳಾಗಿದ್ದಳು.

ಸಂತೆಗೆ ಮೂರು ದಿನ ಉಳಿದಿತ್ತು. ಶುಕ್ರವಾರ ಸಂಜೆ ಅಪ್ಪನಿಗೆ ರೊಟ್ಟಿ ಕೊಡಲು ಗ್ರಿಜೆಲ್ ಲಾಯಕ್ಕೆ ಹೋದಳು. ವಾಟ್ ತನ್ನ ಜೋಡಿ ಕುದುರೆಗಳಲ್ಲಿ ಹೆಣ್ಣಾದ ಜೆಸ್‌ನ ಮೈ ಉಜ್ಜುತ್ತಿದ್ದ. ಅದು ಮರಿಯಾಗಿದ್ದಾಗಿನಿಂದ ಅವನೇ ಸಾಕಿ ಪಳಗಿಸಿದ್ದು. ಆಳು ಜಮೀನು ಬಿಟ್ಟರೆ ಕುದುರೆ ಜಮೀನಿನಲ್ಲೇ ಉಳಿಯುತ್ತದೆ. ಮೈ ಆಗಲೇ ಫಳಫಳ ಹೊಳೆಯುತ್ತಿತ್ತು, ಆದರೂ ಅವನು ಉಜ್ಜುತ್ತಲೇ ಇದ್ದ.

"ಎಡಗಡೆಗೆ ಮುಟ್ಟಿದ್ರೆ ಇವ್ಳಿಗೆ ಕಚಗುಳಿ" ಅಂದ, ಮಗಳ ಕಡೆ ತಿರುಗದೆ. "ಬರೋನಿಗೆ ಯಾರಾದ್ರೂ ಹೇಳ್ಬೇಕು."

ಗ್ರಿಜೆಲ್‌ಗೆ ಅಳು ಬಂತು. ಅವ್ವನ ಸೌಟಿನ ಭಯಕ್ಕಿಂತ ಅಪ್ಪನ ಆ ಬೆನ್ನು ನೋಡುವುದೇ ಕಷ್ಟವಾಯಿತು. ರೊಟ್ಟಿಯನ್ನು ಕಿಟಕಿಯಲ್ಲಿಟ್ಟು ಮನೆಗೆ ಓಡಿದಳು. ಅವ್ವ ಹಸುವಿನ ಹತ್ತಿರ ಇದ್ದಳು. ನಾಯಿಯನ್ನು ಪಕ್ಕಕ್ಕೆ ತಳ್ಳಿ, ಫೋಟೋವನ್ನು ಏಪ್ರನ್ನಿನ ಒಳಗೆ ಸೇರಿಸಿಕೊಂಡು ನೇರ ಯಜಮಾನನ ಹಟ್ಟಿಗೆ ಹೋದಳು.

ವಿನ್‌ರಿಗ್ ಹೋರಿಯ ಬೆನ್ನು ಕೆರೆಯುತ್ತಿದ್ದ. ಇವಳನ್ನು ಕಂಡು ಹುಬ್ಬು ಗಂಟು ಹಾಕಿದ.

"ಏನಮ್ಮಾ ರಾಣಿ? ದಣಿವು ಆರ್ತಾ? ಕುರ್ಚಿ ತರಿಸ್ಲಾ?"

"ಯಜಮಾನ್ರೇ, ಒಂದ್ ಸಲ ಕಾಲು ನೋಡಿ." ಫೋಟೋ ಚಾಚಿದಳು.

"ನೋಡೀನಿ. ಬೂಟು ತೂತು ಬಿದ್ದೈತೆ. ಇಡೀ ಎಡಿನ್‌ಬರೋ ಅತ್ತಿದ್ದೇ ಅದಕ್ಕೆ."

"ಎಡಿನ್‌ಬರೋದೋರಿಗೆ ಏನ್ ಗೊತ್ತು ಯಜಮಾನ್ರೇ? ನೀವು ನೋಡಿ. ಅದ್ರಲ್ಲಿ ಮೊಳೆ ಎಲ್ಲೈತೆ?"

ವಿನ್‌ರಿಗ್ ಕನ್ನಡಕ ಹಾಕಿಕೊಂಡು ಫೋಟೋವನ್ನು ಮೂಗಿನ ಹತ್ತಿರ ತಂದ. ಅವನು ಹೊಲದವನು. ಪ್ರದರ್ಶನದಲ್ಲಿ ಕೋಪ ಕಣ್ಣಿಗೆ ಕಟ್ಟಿತ್ತು, ಮುಖ ಬಿಟ್ಟು ಕೆಳಗೆ ನೋಡಿರಲಿಲ್ಲ.

"ಏಳು ಗುಂಡಿ..." ಅಂದ ನಿಧಾನವಾಗಿ. "ಇದು ಚರ್ಚಿನ ಬೂಟಲ್ವೇನೆ? ಚರ್ಚಿನ ಬೂಟು ಹಾಕ್ಕೊಂಡು ಯಾವ ತಲೆಕೆಟ್ಟೋಳು ಟರ್ನಿಪ್ ಹೊಲಕ್ಕೆ ಬರ್ತಾಳೆ?"

"ರಾತ್ರಿಯೆಲ್ಲಾ ಕುಣಿದು ಮನೆಗೆ ಹೋಗಕ್ಕಾಗ್ದೆ ಇದ್ದೋಳು ಬರ್ತಾಳೆ. ನಮ್ಮವ್ವಂದು ಬೂಟು. ಕದ್ದಿದ್ದೆ. ನಾನು ಯಾರ ಹತ್ರಾನೂ ಗೋಳು ಹೇಳ್ಕೊಂಡಿಲ್ಲ. ನಮ್ಮಪ್ಪಂದೂ ಏನೂ ತಪ್ಪಿಲ್ಲ. ನಿಮ್ಮ ಕೆಲಸ ನಂಗೆ ಯಾವತ್ತೂ ದಣಿವು ಮಾಡಿಲ್ಲ ಯಜಮಾನ್ರೇ, ಬೇಕಾದ್ರೆ ಇನ್ನೊಂದು ಸಾಲು ಜಾಸ್ತಿ ಕೊಡಿ." ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಎಲ್ಲಿ ಕುಣಿದೆ?"

ಗ್ರಿಜೆಲ್ ನೆಲ ನೋಡಿದಳು. ವಿನ್‌ರಿಗ್‌ನ ಮುಂದೆ ಆ ಹೆಸರು ಎತ್ತುವುದೆಂದರೆ ಹೋರಿಯ ಮುಂದೆ ಕೆಂಪು ಬಟ್ಟೆ ಬೀಸಿದ ಹಾಗೆ. "ಬ್ಲ್ಯಾಕ್‌ಹಿಲ್‌ನಲ್ಲಿ."

ವಿನ್‌ರಿಗ್ ಫೋಟೋವನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದ.

"ಎಷ್ಟು ಕುಣಿತ?"

"ಹದಿನೇಳು."

"ಊಟಕ್ಕೆ ಏನ್ ಹಾಕ್ದ ಅವನು?"

"ಒಣ ಬಾರ್ಲಿ ರೊಟ್ಟಿ. ಬಿಯರಿಗೆ ನೀರು ಬೆರೆಸಿದ್ರು."

ವಿನ್‌ರಿಗ್ ನಗಲು ಶುರುಮಾಡಿದ. ಹೋರಿಯ ಬೆನ್ನಿಗೆ ಹೊಡೆದು ಹೊಡೆದು ನಕ್ಕ. ಹೋರಿ ಬೆಚ್ಚಿ ಹಿಂದೆ ಸರಿಯಿತು. "ನನ್ನ ಹುಡುಗೀನ ಹಿಂಗ್ ಸುಸ್ತು ಮಾಡ್ದೋನು ಅವನೇ! ನೀರು ಬಿಯರು ಕುಡ್ಸಿ! ಬುಧವಾರ ಪೇಟೇಲಿ ಬರ್ಲಿ ಬ್ಲ್ಯಾಕ್‌ಹಿಲ್ಲು, ಅಲ್ಲೇ ಎಲ್ಲರ ಮುಂದೆ..." ಆಮೇಲೆ ಕನ್ನಡಕ ತೆಗೆದು ಅವಳನ್ನು ನೋಡಿದ. "ನಿಮ್ಮವ್ವಂಗೆ ಗೊತ್ತಾ?"

"ಇಲ್ಲ."

"ಪೇಟೇಲಿ ಹೇಳಿದ್ಮೇಲೆ ಊರಿಗೆಲ್ಲಾ ಗೊತ್ತಾಯ್ತದೆ. ಮೊದ್ಲು ನೀನೇ ಹೋಗಿ ಹೇಳು. ಅರ್ಧ ಗಂಟೆ ಟೈಮ್ ಕೊಡ್ತೀನಿ. ಆಮೇಲೆ ನಾನೇ ಆ ಕಡೆ ಬರ್ತೀನಿ."

ಆ ದಾರಿ ಅವಳಿಗೆ ಯಾವತ್ತೂ ಅಷ್ಟು ಚಿಕ್ಕದಾಗಿ ಕಂಡಿರಲಿಲ್ಲ. ಒಳಗೆ ಹೋಗಿ ಫೋಟೋವನ್ನು ಹಲಗೆಯ ಮೇಲಿಟ್ಟು, ಪಿಂಗಾಣಿ ನಾಯಿಯನ್ನು ತಾನೇ ಎತ್ತಿ ಮೂಲೆಗೆ ಇಟ್ಟಳು. "ಅವ್ವಾ, ಇಲ್ಲಿ ನೋಡು."

ಮಿರೆನ್ ನೋಡಿದಳು. ಮುಖ ನೋಡಿದಳು, ಮಡಿಲು ನೋಡಿದಳು, ಬೂಟು ನೋಡಿದಳು. ಗ್ರಿಜೆಲ್ ಎಲ್ಲವನ್ನೂ ಹೇಳಿದಳು, ಗಂಜಿಯನ್ನೂ ಬಿಡದೆ. ಸೌಟು ಮೇಲೆ ಏಳುತ್ತದೆ ಎಂದು ಭುಜ ಕುಗ್ಗಿಸಿ ನಿಂತಳು. ಸೌಟು ಏಳಲಿಲ್ಲ. ಮಿರೆನ್ ಸ್ಟೂಲಿನ ಮೇಲೆ ಕುಸಿದಳು.

"ಸ್ಯಾಂಡರ್ಸ್‌ನ ಕಳ್ಳ ಅಂದೆನಲ್ಲೇ" ಅಂದಳು. "ಬೀದೀಲಿ ನಿಂತ್ಕೊಂಡು. ಮೂರು ಸಲ."

ಅಷ್ಟರಲ್ಲಿ ವಾಟ್ ಲಾಯದಿಂದ ಬಂದ. ಅವನು ಟೋಪಿ ತೆಗೆಯುವುದಕ್ಕೂ ಬಾಗಿಲಲ್ಲಿ ವಿನ್‌ರಿಗ್ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ವಾಟ್ ಹೊಸ್ತಿಲಿಗೆ ಹೋಗಿ ನಿಂತ. ಇಬ್ಬರೂ ದೂರದ ಗುಡ್ಡ ನೋಡಿದರು.

"ಗಾಳಿ ತಿರುಗೈತೆ" ಅಂದ ವಿನ್‌ರಿಗ್.

"ತಿರುಗೈತೆ" ಅಂದ ವಾಟ್.

"ನಿಲ್ತೀಯಾ?"

"ನಿಂತ್ರಾಯ್ತು."

"ಜೆಸ್‌ನ ಹಿಂಗಾಲಿನ ಲಾಳ ಸಡಿಲ ಆಗೈತೆ, ನೋಡು."

"ನಾಳೆ ನೋಡ್ತೀನಿ ಯಜಮಾನ್ರೇ."

ಅಷ್ಟೇ. ಒಂದು ವರ್ಷದ ಬದುಕು ಅಷ್ಟರಲ್ಲಿ ಉಳಿಯಿತು. ವಾಟ್ ಒಳಗೆ ಬರಲಿಲ್ಲ. ನಾಳೆ ಎಂದವನು ಆಗಲೇ ಲಾಯದ ಕಡೆ ಹೊರಟಿದ್ದ, ಸಾಮಾನ್ಯಕ್ಕಿಂತ ಬೇಗ ಬೇಗ ಹೆಜ್ಜೆ ಹಾಕಿಕೊಂಡು. ಗ್ರಿಜೆಲ್‌ಗೆ ಮಾತ್ರ ಖುಷಿಪಡಲು ಪುರಸೊತ್ತು ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಕಿವಿ ಅವ್ವನ ಕೈಯಲ್ಲಿತ್ತು, ಇಬ್ಬರೂ ಸ್ಯಾಂಡರ್ಸ್‌ನ ಅಂಗಡಿ ಮುಂದೆ ನಿಂತಿದ್ದರು. ಮಿರೆನ್ ಬೇಕೆಂದೇ ಬೀದಿಯಲ್ಲಿ ನಿಂತಳು. ಬೈದದ್ದೂ ಅಲ್ಲೇ ತಾನೆ? ಜನ ಮತ್ತೆ ಬಾಗಿಲಿಗೆ ಬಂದರು.

ಮಿರೆನ್ ಹುಟ್ಟಿದಾಗಿನಿಂದ ಯಾರ ಹತ್ತಿರವೂ ತಪ್ಪಾಯಿತು ಎಂದವಳಲ್ಲ. "ಸ್ಯಾಂಡರ್ಸ್" ಅಂದಳು ಎಲ್ಲರಿಗೂ ಕೇಳುವಂತೆ. "ನಿನ್ನ ಚರ್ಮ ಒಳ್ಳೇದೇ. ಕೆಟ್ಟಿದ್ದು ನನ್ನ ಮಗಳು. ನಿಂಗೆ ಗೊತ್ತಿತ್ತಾ?"

"ಗಂಜಿ ಸಿಕ್ಕಿತ್ತು" ಅಂದ ಸ್ಯಾಂಡರ್ಸ್.

"ಮತ್ತೆ ಯಾಕೋ ಬೈಸ್ಕೊಂಡೆ ಸುಮ್ನೆ?"

ಸ್ಯಾಂಡರ್ಸ್ ಉಳಿಯನ್ನು ಕೆಳಗಿಟ್ಟ. ಅವನ ತಲೆಯ ಹಿಂದೆ, ಗೋಡೆಯ ಗೂಟದಲ್ಲಿ ಪಿಟೀಲು ತೂಗುತ್ತಿತ್ತು.

"ಅವತ್ತು ಬ್ಲ್ಯಾಕ್‌ಹಿಲ್‌ನಲ್ಲಿ ಬಾರಿಸ್ತಾ ಇದ್ದೋನು ನಾನೇ ಕಣಮ್ಮಾ. ಹತ್ತಕ್ಕೇ ನಿಲ್ಲಿಸ್ಬೇಕು ಅಂತಿದ್ದೆ. ನಿನ್ನ ಮಗಳು ಕುಣಿಯೋದು ನೋಡಿ ನಿಲ್ಸೋಕೆ ಮನಸ್ಸು ಬರ್ಲಿಲ್ಲ, ಹದಿನೇಳಾಯ್ತು. ಆ ತೂತಲ್ಲಿ ಅರ್ಧ ನಂದು."

ಬೀದಿಯಲ್ಲಿ ಯಾರೋ ನಕ್ಕರು. ಮಿರೆನ್ ನಗಲಿಲ್ಲ. ಮಗಳ ಕಿವಿ ಬಿಟ್ಟಳು. ಪಿಟೀಲನ್ನು ಒಂದು ಸಲ, ಮಗಳ ಕಾಲಿನ ಮೊಳೆ ಬೂಟನ್ನು ಒಂದು ಸಲ ನೋಡಿದಳು. ಮಗಳಿಗೆ ತನ್ನದೇ ಒಂದು ಒಳ್ಳೆಯ ಬೂಟಿನ ಜೊತೆ ಇಲ್ಲ ಎಂಬುದು ಆವತ್ತು ಅವ್ವನ ಕಣ್ಣಿಗೆ ಬಿದ್ದ ಹಾಗಿತ್ತು.

"ಇವ್ಳ ಕಾಲಿನ ಅಳತೆ ತಗೋ" ಅಂದಳು. "ಮೊಳೆ ಬೇಡ, ತೆಳು ಅಟ್ಟೆ ಹಾಕು. ಮುಂದಿನ ಸುಗ್ಗಿಗೆ ತನ್ನ ಬೂಟಲ್ಲೇ ಕುಣೀಲಿ. ನಂದು ಚರ್ಚಿಗೆ ಬೇಕು."

ಗ್ರಿಜೆಲ್ ಆ ಬೂಟನ್ನು ಒಂದೇ ವರ್ಷದಲ್ಲಿ ಸವೆಸಿದಳು. ಅದರ ಚಿತ್ರವನ್ನು ಮಾತ್ರ ಯಾರೂ ಬರೆಯಲಿಲ್ಲ.